ಹೊಸ್ತಿಲಲ್ಲಿ ಮೂರು ಜೊತೆ

ಓಣಿಗಳಲ್ಲಿ ಎಲ್ಲರೂ ಅವಳನ್ನು ಭೇಟಿಯಮ್ಮ ಎಂದೇ ಕರೆಯುತ್ತಿದ್ದರು. ಮಕ್ಕಳ ಕಲ್ಯಾಣದ ಕಚೇರಿಯಲ್ಲಿ ಅವಳ ಕೆಲಸ ಮನೆಮನೆಗೆ ಭೇಟಿ ಕೊಡುವುದು. ತಂದೆ ಸತ್ತ ಮನೆ, ತಾಯಿ ಹಾಸಿಗೆ ಹಿಡಿದ ಮನೆ, ಮಕ್ಕಳು ಶಾಲೆ ಬಿಟ್ಟ ಮನೆ, ಇಂಥವಕ್ಕೆ ಹೋಗಿ, ಕೂತು, ಕೇಳಿ, ನೋಡಿ, ಬರೆದುಕೊಂಡು ಬರುವುದು. ಇಪ್ಪತ್ತೇಳು ವರ್ಷದಿಂದ ಇದೇ. ಈ ಕೆಲಸಕ್ಕೆ ಬೇಕಾದದ್ದು ಓದಲ್ಲ, ಮೊಣಕಾಲು ಎಂದು ಅವಳೇ ನಗುತ್ತಿದ್ದಳು. ಈಗೀಗ ಮೂರನೇ ಮಹಡಿ ಬಂತೆಂದರೆ ಆ ಮೊಣಕಾಲೂ ಕಟಕಟ ಎಂದು ತಕರಾರು ತೆಗೆಯುತ್ತಿತ್ತು.

ಅವಳ ಚೀಲದಲ್ಲಿ ಒಂದು ಉದ್ದನೆಯ ಪುಸ್ತಕ ಸದಾ ಇರುತ್ತಿತ್ತು. ಪ್ರತಿ ಹಾಳೆಯ ನಡುವೆ ಮೇಲಿಂದ ಕೆಳಗೆ ಒಂದು ಗೆರೆ. ಗೆರೆಯ ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಿದ್ದು’. ಇದನ್ನು ಕಲಿಸಿದವಳು ಕಚೇರಿಯ ಹಿರಿಯಕ್ಕ. ಅವಳು ತೀರಿಹೋಗಿ ಬಹಳ ಕಾಲವಾಯಿತು. ಇನ್ನೊಂದು ವಿದ್ಯೆಯನ್ನೂ ಅವಳೇ ಹೇಳಿಕೊಟ್ಟಿದ್ದಳು. “ಮಕ್ಕಳೆಷ್ಟು ಅಂತ ಬಾಯಿ ಬಿಟ್ಟು ಕೇಳಬೇಡ ಕಣೇ. ಹೆದರಿದ ತಾಯಿ ಒಂದು ಕಡಿಮೆ ಹೇಳ್ತಾಳೆ, ಹಸಿದ ತಾಯಿ ಒಂದು ಜಾಸ್ತಿ ಹೇಳ್ತಾಳೆ. ಹೊಸ್ತಿಲಲ್ಲಿ ಚಿಕ್ಕ ಚಪ್ಪಲಿ ಎಷ್ಟು ಜೊತೆ ಇವೆ ನೋಡು, ಅಷ್ಟು ಬರಕೋ.” ಅಂದಿನಿಂದ ಭೇಟಿಯಮ್ಮ ಮೊದಲು ಹೊಸ್ತಿಲು ನೋಡುವಳು, ಆಮೇಲೆ ಮುಖ.

ಆ ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ತಂಗಿ ಫೋನು ಹಿಡಿದು ಅಡ್ಡ ಬಂದಳು. ಅಕ್ಕ ಮದುವೆಯಾಗಲಿಲ್ಲ, ತಂಗಿ ಆಗಿಯೂ ವಾಪಸು ಬಂದಳು. ಹಾಗಾಗಿ ಇಬ್ಬರೂ ಒಂದೇ ಮನೆಯಲ್ಲಿದ್ದರು.

“ಅಕ್ಕಾ, ಇದು ನಿಮ್ಮ ಕಚೇರಿದೇ ಅಲ್ವೇನೇ? ಮೂರನೇ ಮಗು ಎಲ್ಲಿ ಅಂತ ಕೇಳ್ತಿದಾರೆ ನೋಡು. ಅಯ್ಯೋ, ಆ ಕಣ್ಣು ನೋಡೇ, ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ.”

ಚಿತ್ರದಲ್ಲಿ ಒಂದು ಕಿಟಕಿ. ಕಂಬಿಯ ಹಿಂದೆ ಹತ್ತು ವರ್ಷದ ಹುಡುಗ, ನೀಲಿ ಗೆರೆಯ ಅಂಗಿ, ಎಡಗೈ ಕಂಬಿಯ ಮೇಲೆ. ಅದರ ಕೆಳಗೆ ಕಚೇರಿಯ ಕಡತದ ಒಂದು ಹಾಳೆಯ ಚಿತ್ರ. ಸೀಲು ಸಮೇತ. ‘ಮಕ್ಕಳು: ಮೂರು’ ಎಂಬಲ್ಲಿ ಯಾರೋ ಕೆಂಪು ಸುತ್ತು ಹಾಕಿದ್ದರು. ಅದರ ಜೊತೆಗೆ ಮಗು ಅಳುವ ಒಂದು ಧ್ವನಿ. ತಂಗಿ ಅದನ್ನು ಒತ್ತಿದಾಗ ಆ ಅಳು ಅಡುಗೆಮನೆಯ ಗೋಡೆಗೆ ಬಡಿದು ವಾಪಸು ಬಂತು. ಅತ್ತು ಅತ್ತು ದಣಿದ ಮಗುವಿನ ಅಳು.

“ಯಾರು ಕಂಡದ್ದಂತೆ?” ಎಂದಳು ಭೇಟಿಯಮ್ಮ.

“ಎಲ್ಲರೂ! ನನಗೇ ಮೂರು ಕಡೆಯಿಂದ ಬಂದಿದೆ.”

“ಮೂರು ಕಡೆಯಿಂದ ಬಂದ್ರೆ ಮೂರು ಜನ ಕಂಡ ಹಾಗಾಯ್ತೇನೇ? ಒಬ್ಬರ ನೆಗಡಿ ಮೂರು ಜನಕ್ಕೆ ಅಂಟಿದ ಹಾಗೆ.”

“ಹೂಂ, ನೀನು ಬ್ರಹ್ಮ ಬಂದು ಹೇಳಿದ್ರೂ ರುಜು ಹಾಕಿಸಿಕೊಳ್ಳೋಳು,” ಎಂದು ತಂಗಿ ಮೂತಿ ತಿರುಗಿಸಿದಳು.

ಕಚೇರಿಗೆ ಹೋದರೆ ಅಲ್ಲಿಯೂ ಅದೇ ಮಾತು. ಮೇಲಧಿಕಾರಿ ಕಡತವನ್ನು ಅವಳ ಕಡೆ ತಳ್ಳಿದರು. ಮನೆಯಲ್ಲೇ ಕೂತು ಅಂಗಿಗೆ ಗುಂಡಿ ಹೊಲಿದು ಕೊಡುವ ವಿಧವೆ. ಓಣಿಯವರ ಬಾಯಲ್ಲಿ ಗುಂಡಿಯಕ್ಕ. ಆರು ವರ್ಷದಿಂದ ಕಚೇರಿಯ ನೆರವು ಪಡೆಯುತ್ತಿದ್ದಾಳೆ. ವರ್ಷ ವರ್ಷವೂ ಕಡತದಲ್ಲಿ ಮಕ್ಕಳು ಮೂರು. ಹೋದ ತಿಂಗಳು ಭೇಟಿಗೆ ಹೋದವರಿಗೆ ಸಿಕ್ಕಿದ್ದು ಇಬ್ಬರೇ ಹೆಣ್ಣುಮಕ್ಕಳು. ‘ಒಂದು ಮಗು ಕಾಣೆ’ ಎಂದು ಅವರು ಬರೆದರು. ಆ ಹಾಳೆ ಹೇಗೋ ಕಚೇರಿಯಿಂದ ಆಚೆ ಹೋಯಿತು.

“ಶುಕ್ರವಾರ ನಾಲ್ಕು ಗಂಟೆಗೆ ಮಂಡಳಿ ಕೂರುತ್ತೆ,” ಎಂದರು ಮೇಲಧಿಕಾರಿ. “ಆ ಹೆಂಗಸು ಮೂರನೇ ಮಗು ಎಲ್ಲಿದೆ ಅಂತ ತೋರಿಸಬೇಕು. ಇಲ್ಲಾಂದ್ರೆ ಉಳಿದಿಬ್ಬರನ್ನ ಅವತ್ತೇ ಮಕ್ಕಳ ಆಶ್ರಯಕ್ಕೆ ಕಳಿಸೋದು. ಒಂದನ್ನ ಏನೋ ಮಾಡಿದೋಳ ಹತ್ತಿರ ಎರಡನ್ನ ಬಿಡೋಕಾಗುತ್ತಾ?”

“ಮೂರನೇದಕ್ಕೆ ಜನನದ ದಾಖಲೆ ಇದೆಯಾ ಸಾರ್?”

“ಇಲ್ಲ. ಅದೇ ಇನ್ನೂ ಅನುಮಾನ.”

ಭೇಟಿಯಮ್ಮ ಕಡತ ತೆಗೆದುಕೊಂಡಳು. ಆ ಓಣಿ ಅವಳಿಗೆ ಹೊಸದಲ್ಲ. ಆರು ವರ್ಷದ ಹಿಂದೆ ಅಲ್ಲಿ ಕೆಲವು ತಿಂಗಳು ಓಡಾಡಿದ್ದಳು. ಆಮೇಲೆ ಊರಿನ ಇನ್ನೊಂದು ತುದಿಗೆ ಹಾಕಿದ್ದರು. ಅಲ್ಲಿ ಎಷ್ಟು ಮನೆಗೆ ಹೋಗಿದ್ದಳೋ, ಯಾವ ಮುಖವೂ ನೆನಪಿರಲಿಲ್ಲ.

ಮಂಗಳವಾರ ಹೋದಳು. ಮೂರು ಮಹಡಿಯ ಹಳೇ ಕಟ್ಟಡ. ಮೆಟ್ಟಿಲಲ್ಲಿ ಹಗಲಿಗೂ ಬೆಳಕು ಸಾಲದು. ಎರಡನೇ ಮಹಡಿಯ ತಿರುವಿನಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹತ್ತುತ್ತಿದ್ದ ಹಾಗೆ ಒಂದೊಂದೇ ಬಾಗಿಲು ಬೆರಳಷ್ಟು ತೆರೆದುಕೊಂಡು ಮತ್ತೆ ಮುಚ್ಚಿಕೊಂಡಿತು. ಮಾತಿಲ್ಲ, ಚಿಲಕದ ಸದ್ದು ಮಾತ್ರ.

ಮೂರನೇ ಮಹಡಿಯಲ್ಲಿ ಗುಂಡಿಯಕ್ಕನ ಬಾಗಿಲಿಗೆ ಬೀಗ. ಅದಕ್ಕೆ ನೇರ ಎದುರಾಗಿ ನಿವೃತ್ತ ಬಸ್ ಕಂಡಕ್ಟರನ ಮನೆ. ಕಟ್ಟಡದ ಫೋನ್ ಗುಂಪನ್ನು ನಡೆಸುವವನು ಅವನೇ.

“ಬನ್ನಿ ಬನ್ನಿ, ಸೀಟ್ ಖಾಲಿ ಇದೆ,” ಎಂದು ಕುರ್ಚಿ ಎಳೆದ. “ಮೂವತ್ತು ವರ್ಷ ಬಸ್ಸಲ್ಲಿ ತಲೆ ಎಣಿಸಿದೋನು ನಾನು. ನನ್ನ ಕಣ್ಣು ತಪ್ಪಿಸಿ ಒಂದು ತಲೆ ಇಳಿದು ಹೋಗಿಲ್ಲ. ಆ ಮನೇಲಿ ಮೂರು ತಲೆ ಇದ್ವು, ಬರಕೊಳ್ಳಿ.”

“ಮೂರನೇದನ್ನ ನೀವೇ ಕಂಡಿರಾ?”

“ಈ ಎರಡು ಕಣ್ಣಲ್ಲಿ! ಆ ಕಿಟಕೀಲಿ ನಿಂತಿತ್ತು. ನೀಲಿ ಗೆರೆ ಅಂಗಿ, ಎಡಗೈ ಕಂಬಿ ಮೇಲೆ. ನನ್ನನ್ನೇ ನೋಡ್ತಿತ್ತು.”

“ಯಾವಾಗ?”

“ಫೋಟೋ ಬರೋಕೆ ಮುಂಚೆ. ಬಹಳ ಮುಂಚೆ.”

“ಆಗ ಯಾರಿಗಾದರೂ ಹೇಳಿದಿರಾ?”

“ಆಗ... ಆಗ ಹೇಳಲಿಲ್ಲ. ಫೋಟೋ ನೋಡಿದ ಮೇಲೆ ಜ್ಞಾಪಕಕ್ಕೆ ಬಂತು.”

ಭೇಟಿಯಮ್ಮ ಅವನ ಫೋನನ್ನು ಕೈಗೆ ತೆಗೆದುಕೊಂಡು ಅವನ ಹೊಸ್ತಿಲಲ್ಲೇ ನಿಂತಳು. ಚಿತ್ರ ನೋಡಿದಳು, ಎದುರು ಮನೆಯ ಕಿಟಕಿ ನೋಡಿದಳು. ಚಿತ್ರದಲ್ಲಿ ಕಂಬಿ ಐದು, ಮೇಲಿಂದ ಕೆಳಕ್ಕೆ. ಎದುರು ಕಿಟಕಿಯಲ್ಲಿ ಕಂಬಿ ಆರು, ಅಡ್ಡಕ್ಕೆ. ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡ ಕಂಬಿ.

“ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು ನಿಮಗೆ?”

“ಹನ್ನೊಂದು.”

“ದಿನಾ ಎದುರಿಗೆ ಕಾಣೋ ಕಿಟಕಿ ಇದೇನಾ ನೋಡಿ.”

ಅವನು ಬಹಳ ಹೊತ್ತು ನೋಡಿದ. “ಬದಲಾಯಿಸಿರಬೇಕು,” ಎಂದ. ದನಿ ಸಣ್ಣದಾಗಿತ್ತು. ಆಮೇಲೆ ಅವಳ ಹತ್ತಿರ ಬಂದು ಪಿಸುಗುಟ್ಟಿದ. “ಫೋಟೋ ಬಿಡಿ. ಹೆಜ್ಜೆಗೆ ಏನಂತೀರಿ? ಆ ಹುಡುಗೀರು ಸ್ಕೂಲಿಗೆ ಹೋದ ಮೇಲೆ ನಲ್ಲಿ ಹತ್ತಿರದಿಂದ ಅವರ ಬಾಗಿಲವರೆಗೂ ಒದ್ದೆ ಹೆಜ್ಜೆ ಇರುತ್ತೆ. ಪುಟ್ಟ ಹೆಜ್ಜೆ. ಹೋದ ಗುರುತು ಇರುತ್ತೆ, ಮಗು ಇರಲ್ಲ. ನನ್ನ ಹೆಂಡತಿ ಈಗ ನೀರಿಗೆ ಒಬ್ಬಳೇ ಇಳಿಯಲ್ಲ.”

ಇದನ್ನು ಅವಳು ಬಲಗಡೆ ಬರೆದುಕೊಂಡಳು.

ಅವನಿಗೆ ಚಿತ್ರ ಕಳಿಸಿದವಳು ಅವನ ಸೊಸೆ. ಸೊಸೆಗೆ ಶಾಲೆಯ ವ್ಯಾನಿನ ಚಾಲಕ. ಅವತ್ತು ಸಂಜೆಯ ತನಕ ಒಬ್ಬರಿಂದ ಒಬ್ಬರಿಗೆ ಕೇಳುತ್ತ ನಡೆದಳು. ಎಲ್ಲರ ಕೊನೆಯ ಮಾತೂ ಒಂದೇ: “ನಿಮ್ಮ ಕಡತದಲ್ಲೇ ಇದೆಯಲ್ಲಮ್ಮಾ, ಸೀಲು ಬೇರೆ ಇದೆ!” ಕಡತ ಬಿಡಿಸಿದರೆ, ಈ ವರ್ಷದ ಹಾಳೆಯಲ್ಲಿ ಬರೆದಿತ್ತು: ‘ಮೂರನೇ ಮಗುವಿನ ವಿಚಾರ ಸ್ಥಳೀಯರೆಲ್ಲರಿಗೂ ತಿಳಿದಿದೆ.’ ಜನ ಕಡತದ ಕಡೆ ಬೆರಳು ತೋರಿಸಿದರು, ಕಡತ ಜನರ ಕಡೆ. ನಡುವೆ ಒಂದು ಮಗು ನಿಂತಿತ್ತು.

ಬುಧವಾರ ಅವಳು ಹಳೇ ಕಡತಗಳ ಕೋಣೆಯಲ್ಲಿ ಕೂತಳು. ಒಂದೊಂದೇ ವರ್ಷ ಹಿಂದಕ್ಕೆ ತಿರುವಿದಳು. ಈ ವರ್ಷ: ಮಕ್ಕಳು ಮೂರು, ಮೂರನೆಯದಕ್ಕೆ ಸುಮಾರು ಹತ್ತು ವರ್ಷ. ಹೋದ ವರ್ಷ: ಮೂರು, ಹಿಂದಿನಂತೆಯೇ, ಮೂರನೆಯದಕ್ಕೆ ಸುಮಾರು ಹತ್ತು. ಅದರ ಹಿಂದಿನ ವರ್ಷ ಹತ್ತು. ಅದರ ಹಿಂದೆಯೂ ಹತ್ತು. ಹೆಣ್ಣುಮಕ್ಕಳಿಬ್ಬರೂ ಹಾಳೆಯಿಂದ ಹಾಳೆಗೆ ದೊಡ್ಡವರಾಗುತ್ತಿದ್ದರು. ದೊಡ್ಡವಳು ಐದು, ಆರು, ಏಳು, ಹೀಗೆ ಹನ್ನೊಂದರ ತನಕ. ಅವರ ಪಕ್ಕದಲ್ಲಿ ಆ ಮಗು ಮಾತ್ರ ಆರು ವರ್ಷದಿಂದ ಹತ್ತಕ್ಕೇ ನಿಂತಿತ್ತು. ಬೆಳೆದಿರಲಿಲ್ಲ. ಸತ್ತೂ ಇರಲಿಲ್ಲ.

ಕೋಣೆಯಲ್ಲಿ ಅವಳೊಬ್ಬಳೇ. ಫ್ಯಾನು ತಿರುಗುತ್ತಿರಲಿಲ್ಲ, ಆದರೂ ಹಾಳೆಯ ಮೂಲೆ ಮಿಸುಕಿದ ಹಾಗೆ ಕಂಡಿತು. ಅವಳು ಅದರ ಮೇಲೆ ಅಂಗೈ ಇಟ್ಟು ಕೆಳಗಿನ ಕೊನೆಯ ಹಾಳೆ ಎಳೆದಳು. ಎಲ್ಲಕ್ಕಿಂತ ಮೊದಲನೆಯದು.

ಅಕ್ಷರ ಅವಳದೇ.

ನಡುವೆ ಗೆರೆ. ಎಡಗಡೆ, ‘ಕಂಡದ್ದು: ಹೊಸ್ತಿಲಲ್ಲಿ ಚಿಕ್ಕ ಚಪ್ಪಲಿ ಮೂರು ಜೊತೆ. ಎಲ್ಲಕ್ಕಿಂತ ದೊಡ್ಡದು ಸುಮಾರು ಹತ್ತು ವರ್ಷದ ಮಗುವಿನದು.’ ಬಲಗಡೆ, ‘ಕೇಳಿದ್ದು: ಇಬ್ಬರು ಹೆಣ್ಣುಮಕ್ಕಳು ಎನ್ನುತ್ತಾಳೆ.’ ಕೆಳಗೆ ಚೌಕದಲ್ಲಿ, ‘ಮಕ್ಕಳು: 3.’

ಈಗ ಎಲ್ಲ ನೆನಪಾಯಿತು. ಬಾಗಿಲು ಅರ್ಧ ತೆರೆದಿತ್ತು. ಮಕ್ಕಳಿಗೆ ಜ್ವರ, ಮಲಗಿದಾವೆ, ಎಬ್ಬಿಸಬೇಡಿ ಎಂದಿದ್ದಳು ಆ ತಾಯಿ. ಈಕೆ ಒಂದು ಮಗುವನ್ನು ಮುಚ್ಚಿಡುತ್ತಿದ್ದಾಳೆ, ಕೂಲಿಗೋ ಎಲ್ಲಿಗೋ ಕಳಿಸಿದ್ದಾಳೆ ಎಂದುಕೊಂಡು, ಮುಂದಿನ ವಾರ ಬಂದು ವಿಚಾರಿಸಿದರಾಯಿತೆಂದು ಮೂರು ಎಂದು ಬರೆದಿದ್ದಳು. ಮುಂದಿನ ವಾರ ಬಂದದ್ದು ವರ್ಗಾವಣೆಯ ಕಾಗದ. ಅನುಮಾನ ಅವಳ ತಲೆಯಲ್ಲೇ ಉಳಿಯಿತು, ಅಂಕಿ ಕಡತದಲ್ಲಿ ಉಳಿಯಿತು. ನೆರವು ಮನೆಗೊಂದು, ಮಗುವಿಗಿಷ್ಟು ಎಂದಲ್ಲ. ಹಾಗಾಗಿ ಮೂರನ್ನು ಯಾರೂ ಕೆದಕಲಿಲ್ಲ. ಆಮೇಲೆ ಬಂದವರು ಮೂರು ಮಹಡಿ ಹತ್ತುವ ಬದಲು ಹಿಂದಿನ ಹಾಳೆ ನೋಡಿ ಇಳಿಸಿಕೊಂಡರು.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಚಪ್ಪಲಿ ಮೂರು ಜೊತೆ ಇದ್ದದ್ದು ನಿಜ. ಅದನ್ನು ಅವಳು ಕೇಳಿದ್ದಲ್ಲ, ಕಂಡದ್ದು. ಹಾಗಾದರೆ ಮೂರನೆಯದರಲ್ಲಿ ಯಾರ ಕಾಲಿತ್ತು?

ಗುರುವಾರ ಮಧ್ಯಾಹ್ನ ಮತ್ತೆ ಹೋದಳು. ಶಾಲೆ ಬೇಗ ಬಿಟ್ಟಿತ್ತು. ಹೆಣ್ಣುಮಕ್ಕಳಿಬ್ಬರೂ ನಲ್ಲಿಯಿಂದ ಕೊಂಚ ಮೇಲೆ, ಮೂರನೇ ಮಹಡಿಗೆ ಹತ್ತುವ ಮೆಟ್ಟಿಲಲ್ಲಿ ಕೂತು ಒಡಕು ಗುಂಡಿಗಳನ್ನು ಹರಡಿಕೊಂಡಿದ್ದರು. ಅಮ್ಮ ಹೊಲಿದ ಅಂಗಿ ಕೊಡೋಕೆ ಅಂಗಡಿಗೆ ಹೋಗಿದ್ದಾಳೆ ಎಂದಳು ದೊಡ್ಡವಳು. ಭೇಟಿಯಮ್ಮ ಉಸ್ಸೆಂದು ಅವರ ಪಕ್ಕ ಕೂತಳು. ಒಂಬತ್ತರ ಚಿಕ್ಕವಳು ಗುಂಡಿಗಳನ್ನು ಪಾಲು ಹಾಕುತ್ತಿದ್ದಳು. ಮೂರು ಗುಡ್ಡೆ.

“ಇದು ನಿಂದು, ಇದು ಅಕ್ಕಂದು. ಇದು ಯಾರದು ಪುಟ್ಟಾ?”

“ಅಣ್ಣಂದು.”

“ಯಾವ ಅಣ್ಣ? ನೋಡಿದೀಯಾ ನೀನು?”

“ಇಲ್ಲ.” ಚಿಕ್ಕವಳು ತಲೆ ಎತ್ತಲಿಲ್ಲ. “ಎಲ್ಲರೂ ನೋಡಿದಾರಂತೆ. ನಮ್ಮ ಮನೆಯೋರಿಗೆ ಮಾತ್ರ ಕಾಣಲ್ವಂತೆ.”

ದೊಡ್ಡವಳು ತಂಗಿಯ ಕೈ ಚಿವುಟಿದಳು. “ಸುಮ್ನಿರೇ. ಶಾಲೇಲಿ ಹಾಗಂತಾರೆ ಅಜ್ಜಿ. ನಾವು ಅವನನ್ನ ತಿಂದುಬಿಟ್ವಿ ಅಂತಾನೂ ಅಂತಾರೆ.”

ಭೇಟಿಯಮ್ಮ ಚೀಲದಿಂದ ಪುಸ್ತಕ ತೆಗೆದಳು. ಆ ಹುಡುಗಿಯರು ಹೇಳಿದ್ದನ್ನು ಒಂದಕ್ಷರ ಬಿಡದೆ ಬಲಗಡೆ ಬರೆದಳು. ಕೆಳಗೆ ನಲ್ಲಿ ಜೋರಾಗಿ ಸುರಿದು ನಿಂತ ಸದ್ದು ಕೇಳಿತು. ಅವಳು ವಾಕ್ಯ ಮುಗಿಸಿಯೇ ತಲೆ ಎತ್ತಿದಳು. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ.

ನಲ್ಲಿಯ ಕಟ್ಟೆಯಿಂದ ಒದ್ದೆ ಹೆಜ್ಜೆಗಳು ಹೊರಟಿದ್ದವು.

ಪುಟ್ಟ ಹೆಜ್ಜೆ. ಐದೂ ಬೆರಳು ಸ್ಪಷ್ಟ. ಅವರು ಕೂತಿದ್ದ ಮೆಟ್ಟಿಲ ಮೇಲಿಂದಲ್ಲ, ಹಿಂಬದಿಯ ಕಬ್ಬಿಣದ ಏಣಿಯ ಕಡೆಗೆ ತಿರುಗಿ ಮೇಲೆ ಹತ್ತಿದ್ದವು. ಭೇಟಿಯಮ್ಮ ಪಕ್ಕಕ್ಕೆ ನೋಡಿದಳು. ಇಬ್ಬರೂ ಹುಡುಗಿಯರು ಅಲ್ಲೇ ಇದ್ದರು. ನಾಲ್ಕು ಕಾಲು, ನಾಲ್ಕೂ ಒಣಗಿದ್ದವು.

“ಬಂದ,” ಎಂದಳು ಚಿಕ್ಕವಳು ಮೆಲ್ಲಗೆ, ಮೂರನೇ ಗುಡ್ಡೆಗೆ ಇನ್ನೊಂದು ಗುಂಡಿ ಹಾಕುತ್ತ.

ಕಂಡದ್ದನ್ನು ಕಂಡದ್ದೆಂದು ಬರೆಯುವುದು ಅವಳ ಇಪ್ಪತ್ತೇಳು ವರ್ಷದ ಅಭ್ಯಾಸ. ಆದರೆ ಈಗ ಎಡಗಡೆ ಬರೆಯಲು ಪೆನ್ನು ಏಳಲಿಲ್ಲ. ಆರು ವರ್ಷದ ಹಿಂದೆಯೂ ಕಂಡದ್ದನ್ನೇ ಅಲ್ಲವೇ ಬರೆದದ್ದು? ಕಂಡದ್ದಕ್ಕೂ ಬರೆದದ್ದಕ್ಕೂ ನಡುವೆ ಇನ್ನೊಂದು ಮೆಟ್ಟಿಲಿತ್ತು. ಅವತ್ತು ಅದನ್ನು ಅವಳು ಹತ್ತಲಿಲ್ಲ.

ಎದ್ದಳು. ಮೊಣಕಾಲು ಕಟ್ಟೆಂದಿತು. ಕಬ್ಬಿಣದ ಏಣಿ ಹಿಡಿದು ಹೆಜ್ಜೆಯ ಪಕ್ಕದಲ್ಲೇ, ಹೆಜ್ಜೆ ತುಳಿಯದೆ ಹತ್ತಿದಳು. ಮೂರನೇ ಮಹಡಿಯ ಪಡಸಾಲೆ ಕತ್ತಲಾಗಿತ್ತು. ಹೆಜ್ಜೆಗಳು ಒಣಗುತ್ತ ಒಣಗುತ್ತ ಸಣ್ಣದಾಗಿ, ಗುಂಡಿಯಕ್ಕನ ಬಾಗಿಲಲ್ಲಿ ಬರೀ ಬೆರಳ ಗುರುತಾಗಿ ಉಳಿದಿದ್ದವು. ಬೀಗ ಇರಲಿಲ್ಲ. ಅವಳು ಬಾಗಿಲು ತಳ್ಳಿದಳು.

ಒಳಗೆ ಗುಂಡಿಯಕ್ಕ ಒಬ್ಬಳೇ, ಬಾಗಿಲಿಗೆ ಬೆನ್ನು ಹಾಕಿ ಅಂಗಿಯ ರಾಶಿಯ ಮುಂದೆ ಕೂತಿದ್ದಳು. ಕುಳ್ಳಿ. ಕೂತರೆ ರಾಶಿಯೇ ಅವಳಿಗಿಂತ ಎತ್ತರ.

“ಈಗ ಒಳಗೆ ಯಾರು ಬಂದರು?” ಎಂದಳು ಭೇಟಿಯಮ್ಮ.

“ಯಾರೂ ಇಲ್ಲಕ್ಕಾ. ನಾನೇ ಈಗ ಬಂದೆ, ಜನರ ಕಣ್ಣು ತಪ್ಪಿಸಿ ಹಿಂದಿನ ಏಣೀಲಿ.” ಗುಂಡಿಯಕ್ಕ ತಿರುಗಲಿಲ್ಲ. ಸ್ವಲ್ಪ ಹೊತ್ತು ಸೂಜಿ ಆಡಿತು. ಆಮೇಲೆ ನಿಂತಿತು. “ಅಕ್ಕಾ, ಒಂದು ಮಾತು ಕೇಳ್ಲಾ? ಬೈಬೇಡಿ. ನನಗೆ ಇನ್ನೊಂದು ಇತ್ತಾ?”

“ಏನಮ್ಮಾ ಇದು!”

“ಇಷ್ಟು ಜನ ಹೇಳ್ತಾರಲ್ಲ. ಓದಿದೋರು ಬರೆದಿದಾರಲ್ಲ, ಸೀಲು ಹಾಕಿದಾರಲ್ಲ. ಅವರು ಸತ್ತಾಗ ನಾನು ಎರಡು ತಿಂಗಳು ಮಂಕಾಗಿದ್ದೆ, ಏನು ತಿಂದೆ ಏನು ಉಟ್ಟೆ ಜ್ಞಾಪಕ ಇಲ್ಲ. ಆಗ ಏನಾದರೂ... ಎಲ್ಲಾದರೂ ಬಿಟ್ಟು ಬಂದುಬಿಟ್ನಾ? ನಿನ್ನೆಯಿಂದ ಅದರ ಹೆಸರು ಏನಿಟ್ಟಿದ್ದೆ ಅಂತ ಯೋಚಿಸ್ತಾ ಕೂತಿದೀನಿ.”

ಒದ್ದೆ ಹೆಜ್ಜೆ ಕಂಡಾಗಲೂ ಭೇಟಿಯಮ್ಮ ಇಷ್ಟು ಹೆದರಿರಲಿಲ್ಲ. ಅವಳು ಕೆಳಗೆ ನೋಡಿದಳು. ಬಟ್ಟೆಯ ಅಂಚಿನಿಂದ ಗುಂಡಿಯಕ್ಕನ ಕಾಲು ಆಚೆ ಚಾಚಿತ್ತು. ಅಂಗಾಲು ಇನ್ನೂ ಒದ್ದೆ. ಅಂಗೈಯಷ್ಟು ಕಾಲು. ಹತ್ತು ವರ್ಷದ ಮಗುವಿನ ಕಾಲು.

“ನೀನು ಚಪ್ಪಲಿ ಎಲ್ಲಿ ತಗೊಳ್ತೀಯಮ್ಮಾ?” ಎಂದಳು, ಮೆಲ್ಲಗೆ.

ಗುಂಡಿಯಕ್ಕ ನಾಚಿ ಕಾಲು ಎಳೆದುಕೊಂಡಳು. “ಮೊದಲು ಮಕ್ಕಳ ಅಂಗಡೀಲಿ ತಗೊಳ್ತಿದ್ದೆ. ದೊಡ್ಡೋರದು ಯಾವುದೂ ನಿಲ್ಲಲ್ಲ ನನಗೆ. ಈಗ ದೊಡ್ಡೋಳಿಗೆ ಚಿಕ್ಕದಾಗಿದ್ದನ್ನೇ ಹಾಕ್ಕೋತೀನಿ. ಯಾಕಕ್ಕಾ? ನೀವು ಯಾಕೆ ಅಳ್ತಿದೀರಿ?”

ಶುಕ್ರವಾರ ನಾಲ್ಕು ಗಂಟೆಗೆ ಮಂಡಳಿಯ ಉದ್ದನೆಯ ಮೇಜಿನ ಮುಂದೆ ಭೇಟಿಯಮ್ಮ ಆರು ವರ್ಷದ ಹಾಳೆಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟಳು. ಕೊನೆಯಲ್ಲಿ ಒಂದು ಜೊತೆ ಪುಟ್ಟ ಚಪ್ಪಲಿ. ಮೇಜಿನ ಮೇಲೆ ಚಪ್ಪಲಿಯೇ ಎಂದು ಮೇಲಧಿಕಾರಿ ಮುಖ ಕಿವುಚಿದರು.

“ಕಾಣೆಯಾದ ಮಗು ಇದೇ ಸಾರ್. ಹಾಕ್ಕೊಂಡು ತೋರಿಸಮ್ಮಾ.”

ಗುಂಡಿಯಕ್ಕ ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. ಕಿಟಕಿಯ ಆಚೆ ಬೆಂಚಿನಲ್ಲಿ ಅವಳ ಹೆಣ್ಣುಮಕ್ಕಳು ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆಶ್ರಯಕ್ಕೆ ಹೋಗಲು ತಯಾರಾಗಿ ಬನ್ನಿ ಎಂದು ಅವರಿಗೆ ಹೇಳಿಯಾಗಿತ್ತು.

“ಮೊದಲು ಮೂರು ಅಂತ ಬರೆದೋಳು ನಾನು,” ಎಂದಳು ಭೇಟಿಯಮ್ಮ. “ಚಪ್ಪಲಿ ಕಂಡೆ, ಮಗು ಅಂತ ಬರೆದೆ. ಕಂಡದ್ದು ಚಪ್ಪಲಿ ಅಷ್ಟೇ. ಮಗು ನನ್ನ ತಲೇಲಿ ಹುಟ್ಟಿದ್ದು. ಆಮೇಲಿನೋರು ಸಾಕಿದರು.”

“ಇದು ನಿಮ್ಮ ಸೇವಾ ದಾಖಲೆಗೆ ಹೋಗುತ್ತೆ, ಗೊತ್ತಲ್ಲ? ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿದೆ ನಿಮಗೆ.”

“ಹೋಗಲಿ ಸಾರ್. ಸರಿಯಾಗಿ ಹೋಗಲಿ. ಹೇಳಿ, ನಾನೇ ಬರೆದುಕೊಡ್ತೀನಿ.”

ಸಾಕ್ಷಿಗೆಂದು ಕರೆಸಿದ್ದ ಕಂಡಕ್ಟರು ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಕಿಟಕಿಯ ಕಂಬಿಯ ವಿಚಾರ ಕೇಳಿದಾಗ ಒಪ್ಪಿಕೊಂಡ. ಅಡ್ಡ ಕಂಬಿ, ನಿಜ, ಬದಲಾಯಿಸಿಲ್ಲ. ಹುಡುಗಿಯರು ತಾಯಿಯ ಎರಡೂ ಕೈ ಹಿಡಿದು ಮನೆಯ ದಾರಿ ಹಿಡಿದ ಮೇಲೂ ಅವನು ಅಲ್ಲೇ ನಿಂತಿದ್ದ.

“ಅಮ್ಮಾ,” ಎಂದ, “ಎಲ್ಲ ಸರಿ. ಆದರೆ ಕಣ್ಣು ಮುಚ್ಚಿದ್ರೆ ನನಗೆ ಈಗಲೂ ಅವನು ಕಾಣ್ತಾನೆ. ಆ ಕಿಟಕೀಲೇ ಕಾಣ್ತಾನೆ. ಹಾಗಾದ್ರೆ ನಾನು ಕಂಡಿದ್ದು ಯಾರನ್ನ?”

ಭೇಟಿಯಮ್ಮ ಪುಸ್ತಕ ಬಿಡಿಸಿ ಅವನ ಮಾತನ್ನು ಬಲಗಡೆ ಬರೆದುಕೊಂಡಳು.

ಅವಳ ಸೇವಾ ದಾಖಲೆಗೆ ಕೆಂಪು ಶಾಯಿ ಬಿತ್ತು. ಅವಳು ಅದನ್ನು ತಂಗಿಗೂ ತೋರಿಸಿದಳು. ತಂಗಿ ಒಂದು ವಾರ ಯಾರಿಗೂ ಏನೂ ಕಳಿಸಲಿಲ್ಲ. ಎಂಟನೇ ದಿನ ತಡೆಯಲಾಗದೆ, “ಅಕ್ಕಾ, ಇದು ಕಂಡದ್ದೋ ಕೇಳಿದ್ದೋ ನೋಡಿ ಹೇಳೇ, ಆಮೇಲೆ ಕಳಿಸ್ತೀನಿ,” ಎಂದಳು. ಭಾನುವಾರಗಳಲ್ಲಿ ಭೇಟಿಯಮ್ಮ ತನ್ನ ಹಳೇ ಹಾಳೆಯನ್ನು ಹಿಡಿದು ಆ ಕಟ್ಟಡದ ಒಂದೊಂದೇ ಬಾಗಿಲು ತಟ್ಟಿದಳು. ಸುಳ್ಳು ಫೋನಿನಲ್ಲಿ ಹೋಗಿತ್ತು, ಅವಳು ನಡೆದುಕೊಂಡು ಹಿಂದೆ ಹೋದಳು. ಕೆಲವರು ನಕ್ಕರು, ಕೆಲವರು ಬಾಗಿಲು ತೆರೆಯಲಿಲ್ಲ. ಚಿಕ್ಕವಳು ಮೂರನೇ ಗುಡ್ಡೆಯ ಗುಂಡಿಗಳನ್ನು ಬಹಳ ದಿನ ಬೇರೆಯೇ ಇಟ್ಟಿದ್ದು, ಕೊನೆಗೊಂದು ದಿನ ಅಮ್ಮನ ಡಬ್ಬಿಗೆ ಸುರಿದಳಂತೆ. ಇದು ಗುಂಡಿಯಕ್ಕ ಹೇಳಿದ್ದು.

ನಿವೃತ್ತಿಗೆ ಒಂದು ತಿಂಗಳಿರುವಾಗ ಭೇಟಿಯಮ್ಮ ಊರಿನ ಇನ್ನೊಂದು ತುದಿಯ ಒಂದು ಮನೆಗೆ ಹೋಗಿದ್ದಳು. ಆ ಮನೆಯಾಕೆ ಅವಳನ್ನು ಕೂರಿಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದಳು.

“ನೀವು ಮನೆಮನೆ ತಿರುಗೋರು, ಹುಷಾರಮ್ಮಾ. ಆಚೆ ಕಡೆ ಒಂದು ಕಟ್ಟಡದಲ್ಲಿ ಕಾಣದ ಮಗು ಇದೆಯಂತೆ. ಬೆಳೆಯೋದೇ ಇಲ್ವಂತೆ. ನಿಮ್ಮ ಕಚೇರಿಯೋರೇ ಒಬ್ಬರು ಹೆಜ್ಜೆ ಹಿಡಿದು ಹಿಂದೆ ಹೋದರಂತೆ. ಮೊಣಕಾಲು ನೋವಿನ ಅಮ್ಮ.”

“ಆ ಅಮ್ಮ ನಾನೇ ಕಣಮ್ಮಾ.”

ಆಕೆ ಭೇಟಿಯಮ್ಮನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಕರುಣೆಯಿಂದ ತಲೆಯಾಡಿಸಿದಳು.

“ಇಲ್ಲಮ್ಮಾ. ಅವರು ಆ ಮೆಟ್ಟಿಲಲ್ಲೇ ಸತ್ತರಂತೆ. ಫೋಟೋ ಇದೆ, ತೋರಿಸ್ಲಾ?”

ಭೇಟಿಯಮ್ಮ ಚೀಲದಿಂದ ಪುಸ್ತಕ ತೆಗೆದು ನಡುವೆ ಗೆರೆ ಎಳೆದಳು. ಬಲಗಡೆ ಬರೆದಳು: ‘ನಾನು ಸತ್ತಿದ್ದೇನೆ.’ ಎಡಗಡೆ ಬರೆಯುವ ಮೊದಲು ಎದ್ದು ಹೊಸ್ತಿಲ ತನಕ ಹೋದಳು. ತನ್ನ ಸವೆದ ಚಪ್ಪಲಿಯೊಳಗೆ ಕಾಲು ತೂರಿಸಿದಳು. ಬಗ್ಗಿ, ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ ಮೇಲೆಯೇ ಬರೆದಳು: ‘ಚಪ್ಪಲಿ ಒಂದು ಜೊತೆ. ಒಳಗೆ ನನ್ನದೇ ಕಾಲು.’